ಖಜಾಂಚಿಯ ಹೆಂಡತಿ

ಮಂಗಳೂರಿನ ನಮ್ಮ ಚರ್ಚ್‌ನಲ್ಲಿ ‘ಬೀಗದ ಕೈ ಎಲ್ಲಿ?’ ಎಂದು ಯಾರಾದರೂ ಕೇಳಿದರೆ ಎಲ್ಲರೂ ಇವರ ಜೇಬು ತೋರಿಸುತ್ತಾರೆ. ‘ದೊಡ್ಡ ಪಾತ್ರೆ ಎಲ್ಲಿ?’ ಎಂದರೆ ನನ್ನ ಮುಖ ನೋಡುತ್ತಾರೆ. ಇವರು ಸಭೆಯ ಖಜಾಂಚಿ, ನಾನು ಸ್ತ್ರೀ ಸಂಘದವಳು. ಮದುವೆಯಾದ ಲಾಗಾಯ್ತು ಹೀಗೇ. ಇವರು ಕೆಲಸಕ್ಕಿದ್ದ ಬ್ಯಾಂಕಿನವರು ಅರವತ್ತಾದ ಕೂಡಲೇ ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಚರ್ಚ್‌ನಲ್ಲಿ ಆ ಪದ್ಧತಿಯಿಲ್ಲ. ಅಲ್ಲಿ ಹಾರ ಹಾಕುವುದು ಒಮ್ಮೆ ಮಾತ್ರ, ಆಗ ಅದನ್ನು ನೋಡಲು ನಾವಿರುವುದಿಲ್ಲ.

ಇದೆಲ್ಲ ಹಿರಿಯರಿಂದ ಬಂದ ಆಸ್ತಿ. 1834ರಲ್ಲಿ ಬಾಸೆಲ್ ಮಿಶನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದಿಳಿದರು. ಸುವಾರ್ತೆಯ ಹಿಂದೆಯೇ 1841ರಲ್ಲಿ ಪ್ರೆಸ್ಸು, 1865ರಲ್ಲಿ ಹಂಚಿನ ಕಾರ್ಖಾನೆ ಬಂದವು. ಇವರ ಅಜ್ಜ ಹಂಚಿನ ಕಾರ್ಖಾನೆಯಲ್ಲಿದ್ದರು, ನನ್ನ ಅಜ್ಜ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ಹಾಗಾಗಿ ಎಂಟೂವರೆಯ ಆರಾಧನೆಗೆ ಇವರು ಏಳೂವರೆಗೇ ಸ್ಕೂಟರ್ ಸ್ಟಾರ್ಟ್ ಮಾಡಿ ಅಂಗಳದಲ್ಲಿ ಹೊಗೆ ಎಬ್ಬಿಸುತ್ತಾರೆ. ನಾನು ಪ್ರಕಟಣೆಯ ಕಾಗದದಲ್ಲಿ ಬಿಟ್ಟುಹೋದ ಒತ್ತಕ್ಷರ ಹುಡುಕುತ್ತಲೇ ಪ್ರಸಂಗ ಕೇಳುತ್ತೇನೆ.

ನಮ್ಮ ಮನೆಮಾತು ತುಳು, ಪ್ರಾರ್ಥನೆ ಕನ್ನಡದಲ್ಲಿ. ಜಗಳ ಮುಗಿಯಿತೋ ಇಲ್ಲವೋ ಎಂದು ನೆರೆಮನೆಯವರಿಗೂ ಗೊತ್ತಾಗುತ್ತದೆ: ಇವರು ಊಟದ ಮುಂದೆ ಕೂತು ಕನ್ನಡ ಶುರು ಮಾಡಿದರೆ ಮುಗಿಯಿತು ಎಂದರ್ಥ. ಜಗಳದ ವಿಷಯವೂ ಚರ್ಚಿನದೇ. ಸ್ತ್ರೀ ಸಂಘದವರು ತಿಂಡಿ ಮಾರಿ ಕೂಡಿಸಿದ ದುಡ್ಡಿಗೆ ಖಜಾಂಚಿ ಸಾಹೇಬರಿಗೆ ಲೆಕ್ಕ ಬೇಕು.

“ಖರ್ಚಿನ ರಶೀದಿ ಎಲ್ಲಿ ಮಾರಾಯ್ತಿ?”

“ಸಂತೆಯಲ್ಲಿ ತೆಂಗಿನಕಾಯಿಗೆ ಯಾರು ರಶೀದಿ ಕೊಡ್ತಾರೆ ಮಾರಾಯ್ರೆ?”

ಇದೇ ಪ್ರಶ್ನೆ ಮರುವಾರ ಕಮಿಟಿಗೆ ಹೋಗುತ್ತದೆ. ಕಿಟೆಲ್ ಸಾಹೇಬರು 1894ರಲ್ಲಿ ನಮ್ಮ ಮಿಶನ್ ಪ್ರೆಸ್ಸಿನಲ್ಲೇ ಅಚ್ಚಾದ ನಿಘಂಟಿಗೆ ಸುಮಾರು 70,000 ಶಬ್ದ ಒಟ್ಟು ಮಾಡಿದರು. ಅವನ್ನೆಲ್ಲ ಒಂದೇ ಸಂಜೆ ಬಳಸಿದರೂ ನಮ್ಮ ಕಮಿಟಿಗೆ ಎರಡನೇ ಸಾಲಿನ ಫ್ಯಾನ್ ರಿಪೇರಿಗೆ ಒಂದು ನಿರ್ಣಯ ಬರೆಯಲಾಗುವುದಿಲ್ಲ.

ನಮ್ಮ ದಾಂಪತ್ಯವನ್ನು ಕಣ್ಣಾರೆ ನೋಡಬೇಕಾದರೆ ಬೆಳೆ ಹಬ್ಬದ ಏಲಂಗೆ ಬರಬೇಕು. ಜನ ತಂದ ಸೌತೆ, ಅಲಸಂಡೆ, ಕೆಸುವಿನ ಸೊಪ್ಪು, ಕಾಲು ಕಟ್ಟಿದ ಊರಕೋಳಿ ಎಲ್ಲ ಆರಾಧನೆ ಮುಗಿದ ಮೇಲೆ ಹೊರಗಿನ ಚಪ್ಪರಕ್ಕೆ ಬರುತ್ತವೆ. ಏಲಂ ಕೂಗುವವರು ಇವರೇ. ಕಾಣಿಕೆಯ ವಸ್ತು ಅಗ್ಗಕ್ಕೆ ಹೋಗಬಾರದು ಎಂಬುದು ಇವರ ಸಿದ್ಧಾಂತ. ಒಂದು ವರ್ಷ ನಮ್ಮ ಹಿತ್ತಿಲಿನ ಕದಳಿ ಗೊನೆ ಬಂತು. “ಇನ್ನೂರು ಒಂದು ಸಾರಿ... ಇನ್ನೂರು ಎರಡು ಸಾರಿ...” ಎನ್ನುತ್ತ ಇವರು ನನ್ನ ಕಡೆ ಕಣ್ಣು ಬಿಟ್ಟರು. ಆ ಕಣ್ಣಿನ ಅರ್ಥ ನನಗೆ ಗೊತ್ತು. “ಇನ್ನೂರೈವತ್ತು” ಎಂದೆ. ಹಿಂದಿನಿಂದ ಯಾರೋ ಕಿಡಿಗೇಡಿ “ಮುನ್ನೂರು” ಎಂದ. ಹಟಕ್ಕೆ ಬಿದ್ದು ಐನೂರಕ್ಕೆ ನಿಲ್ಲಿಸಿದೆ. ಇವರು ತಮ್ಮ ಎಡ ಜೇಬಿನಿಂದ ಐನೂರರ ನೋಟು ತೆಗೆದು ಸಭೆಯ ಪೆಟ್ಟಿಗೆಗೆ ಹಾಕಿ, ‘ಶ್ರೀಮತಿ’ ಸಮೇತ ನನ್ನ ಪೂರ್ತಿ ಹೆಸರು ಬರೆದು, ಸಹಿ ಮಾಡಿ, ರಶೀದಿ ಹರಿದುಕೊಟ್ಟರು. ಬೆಳಿಗ್ಗೆ ಸ್ಕೂಟರಿನಲ್ಲಿ ಹೋದ ಗೊನೆ ಮಧ್ಯಾಹ್ನ ಅದೇ ಸ್ಕೂಟರಿನಲ್ಲಿ ವಾಪಸು ಬಂತು.

ಈಚೆಗೆ ಮಕ್ಕಳು “ಸಾಕು ಅಪ್ಪ, ಯುವಕರಿಗೆ ಬಿಟ್ಟುಕೊಡಿ” ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದರು. ಇವರೂ ಒಪ್ಪಿ ಲೆಕ್ಕದ ಪುಸ್ತಕವನ್ನು ಒಬ್ಬ ಹುಡುಗನಿಗೆ ಕೊಟ್ಟರು. ನಾನೂ ಪಾತ್ರೆಗಳ ಪಟ್ಟಿ ದಾಟಿಸಿದೆ. ಶನಿವಾರ ಸಂಜೆ ಇಬ್ಬರೂ ಜಗಲಿಯಲ್ಲಿ ಎದುರುಬದುರು ಕೂತೆವು. ಚಹಾ ಮುಗಿಯಿತು. ಮಾತು ಶುರುವಾಗಲಿಲ್ಲ. ಮರುವಾರ ಇವರು ಅಡುಗೆಮನೆಗೆ ಬಂದು ಸಾಸಿವೆ ಡಬ್ಬಿಯ ಲೆಕ್ಕ ಕೇಳಿದರು. ಅದರ ಮರುವಾರ ಮೀನಿನವಳ ಹತ್ತಿರ ಬಂಗುಡೆಗೆ ರಶೀದಿ ಕೇಳಿದರು. ಅವಳು ಎರಡು ದಿನ ನಮ್ಮ ಗೇಟಿನ ಹತ್ತಿರ ಬುಟ್ಟಿ ಇಳಿಸಲಿಲ್ಲ.

ಮಹಾಸಭೆಯಲ್ಲಿ ಖಜಾಂಚಿ ಸ್ಥಾನಕ್ಕೆ ಹೆಸರು ಕೇಳಿದಾಗ ಎದ್ದುನಿಂತು ಇವರ ಹೆಸರು ಸೂಚಿಸಿದವಳು ನಾನೇ. ಅನುಮೋದಿಸಲು ಯುವಕರ ಕೈಗಳು ಒಟ್ಟಿಗೆ ಮೇಲೆದ್ದವು, ಲೆಕ್ಕದ ಪುಸ್ತಕ ಹಿಡಿದಿದ್ದ ಹುಡುಗನದು ಎಲ್ಲಕ್ಕಿಂತ ಮೊದಲು. ನಮ್ಮ ದಾಂಪತ್ಯ ಇನ್ನೊಂದು ಅವಧಿಗೆ ಭದ್ರವಾಯಿತು.