ಸುಮ್ನ ಒಂದ್ ತುರುಬ

ಬೆಳಿಗ್ಗೆ ಶಿಗ್ಗಾಂವ–ಸವಣೂರ ಬಸ್ಸಿನಲ್ಲಿ ಓಡಾಡುವವರಿಗೆ ತುರುಬಿನಕ್ಕನ ಪರಿಚಯ ಮಾಡಿಕೊಡಬೇಕಿಲ್ಲ. ಹಾನಗಲ್ಲ, ಹಿರೇಕೆರೂರ ಬಸ್ಸುಗಳಲ್ಲಿ ಇವರ ನೆಗೆಣ್ಣಿಯರಿದ್ದಾರೆ. ಇವರು ಮನೆಯಲ್ಲಿ ತಲೆ ಬಾಚಿಕೊಳ್ಳುವವರಲ್ಲ. ಓಡಿ ಬಂದು ಸೀಟು ಹಿಡಿದು, ಬಸ್ಸು ಊರು ದಾಟಿದ ಮೇಲೆ ಕೂದಲು ಬಿಚ್ಚುತ್ತಾರೆ.

"ಇವತ್ತೇನ್ ಫಂಕ್ಷನ್ ಐತೇನ? ಸುಮ್ನ ಒಂದ್ ತುರುಬ ಕಟ್ಕೊಂಡ್ರ ಮುಗೀತು."

ಮುಗಿಯುವುದು ನನ್ನ ಕಥೆ. ಅಕ್ಕ ಎರಡೂ ಮೊಳಕೈ ಎತ್ತಿದರೆ ಎಡಗಡೆಯದು ಕಿಟಕಿಗೆ, ಬಲಗಡೆಯದು ನನ್ನ ಕನ್ನಡಕಕ್ಕೆ. 2023ರ ಜೂನ್ 11ಕ್ಕೆ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಮೂವರ ಸೀಟಿನಲ್ಲಿ ನಾಲ್ವರು ಕೂರುತ್ತೇವೆ, ಸರಿಯುವುದೆಲ್ಲಿಗೆ? ದ್ರೌಪದಿ ಮುಡಿ ಬಿಚ್ಚಿದ್ದಕ್ಕೆ ಕುರುಕ್ಷೇತ್ರವೇ ಆಯಿತಂತೆ. ಕನ್ನಡಕದ ಕಡ್ಡಿ ಸೊಟ್ಟಗಾದದ್ದಕ್ಕೆ ನಾನು ಬೇಸರಪಡಬಾರದು.

ಹಲ್ಲಿನಲ್ಲಿ ಪಿನ್ನು ಕಚ್ಚಿಕೊಂಡೇ ಸೊಸೆಯ ವಿಚಾರ, ಸಂಘದ ಸಾಲ, ಗೋವಿನಜೋಳದ ರೇಟು ಎಲ್ಲ ಬರುತ್ತದೆ. ಪ, ಬ, ಮ ಮಾತ್ರ ಹೊರಬೀಳುವುದಿಲ್ಲ. ನಾವೇ ಹಾಕಿಕೊಂಡು ಕೇಳಬೇಕು.

ಪಿನ್ನು ಸಾಲದಿದ್ದರೆ, "ತಂಗೀ, ಪೆನ್ನ್ ಐತೇನ?" ಮೊದಲ ಸಲ ಏನೋ ಬರೆದುಕೊಳ್ಳುತ್ತಾರೆಂದು ಕೊಟ್ಟೆ. ಕೂದಲನ್ನು ಹೊಸೆದು, ಹೆಬ್ಬೆರಳಿಗೆ ಎರಡು ಸುತ್ತು ಸುತ್ತಿ, ತುದಿಯನ್ನು ಬುಡಕ್ಕೆ ತುರುಕಿ, ಪೆನ್ನಿನಿಂದ ಒಂದೆಳೆ ಎತ್ತಿ ಹಿಂದಕ್ಕೆ ತಿರುವಿ ಒಳಗೆ ನೂಕಿದರು. ರಸ್ತೆಯ ಎಲ್ಲ ತಗ್ಗು ಹಾರಿದರೂ ತುರುಬು ಕದಲಲಿಲ್ಲ. ಮನೆಗೆ ಬಂದು ಕನ್ನಡಿ ಮುಂದೆ ನಾನೂ ಸುತ್ತಿಕೊಂಡೆ. ಅಡಿಕೆಯಷ್ಟಾಯಿತು.

ಒಂದು ದಿನ ಚೆಕಿಂಗ್‌ನವರು ಹತ್ತಿದರು. ಅಕ್ಕ ಪರ್ಸು ತಡಕಿದರು, ಊಟದ ಡಬ್ಬಿಯ ಚೀಲ ತಡಕಿದರು, ಕೊನೆಗೆ ತಲೆಗೆ ಕೈ ಹಾಕಿದರು. ಕಂಡಕ್ಟರ್ ಆಗಲೇ ಬೆವರುತ್ತಿದ್ದ. ತುರುಬು ಬಿಚ್ಚಿತು. ಹಳೆಯ ರಬ್ಬರು, ಯಾರದೋ ಪೆನ್ಸಿಲ್ಲು, ನನ್ನ ಪೆನ್ನು, ಆಮೇಲೆ ಎಣ್ಣೆಯಲ್ಲಿ ನೆಂದ ಟಿಕೆಟ್ಟಿನ ಸುರುಳಿ. ಸಾಹೇಬರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇದ್ರಾಗ ಏನೂ ಕಾಣವಲ್ದಲ್ರೀ ಅಕ್ಕಾರ?"

"ಸೊನ್ನೀ ಟಿಕೆಟ್ರಿ ಸಾಹೇಬ್ರ, ಏನ್ ಕಾಣ್ಬೇಕು?"

ಮದುವೆ-ಮುಂಜಿಗೆ ಚವರಿ ಸೇರಿಸಿ ಅಬ್ಬಲಿಗೆ ಮಾಲೆ ಸುತ್ತುವವರನ್ನು ಕಂಡರೆ ಅಕ್ಕನಿಗೆ ಆಗದು: "ಅದ್ ತುರುಬಲ್ಲ, ತೇರು." ಸಂಘದವರ ಜೊತೆ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಹೋದಾಗಲೂ ಎಲ್ಲರೂ ಗೊಂಬೆಗಳ ಮುಖ ನೋಡಿದರೆ, ಇವರು ಸಿಮೆಂಟಿನ ಹೆಂಗಸರ ಬೆನ್ನ ಹಿಂದೆ ನಿಂತಿದ್ದರು.

ಈಚೆಗೆ ಅಕ್ಕನ ಮೊಳಕೈ ಬೇಗ ಇಳಿಯುತ್ತದೆ. ಹಣಗಿಗೆ ಬಂದ ಕೂದಲನ್ನು ಗೋಡೆಯ ಮಾಡದಲ್ಲಿ ಕೂಡಿಟ್ಟು, ಕೂದಲು ಕೊಳ್ಳುವವನು ಬಂದಾಗ ಸ್ಟೀಲ್ ಬಟ್ಟಲು ತೆಗೆದುಕೊಂಡಿದ್ದರಂತೆ. "ಆಗ ಒಂದ್ ಕೈಯಾಗ ಹಿಡೀತಿದ್ದಿಲ್ಲವಾ. ಬೋರಿನ ನೀರ ಬಂತು, ಹೋತು ನೋಡ." ಈಗ ನಾಲ್ಕು ಪಿನ್ನಿನ ಜಾಗದಲ್ಲಿ ಎರಡು ಸಾಕು. ಪ, ಬ, ಮ ಸ್ವಲ್ಪ ಸ್ವಲ್ಪ ಕೇಳಿಸುತ್ತಿವೆ. ನನ್ನ ಕನ್ನಡಕಕ್ಕೂ ಅಪಾಯವಿಲ್ಲ. ಆದರೂ ಯಾಕೋ, ಅಕ್ಕ ಪೆನ್ನು ಕೇಳದೆ ಸವಣೂರ ಬಂದರೆ ನಾನೇ ಚೀಲದಿಂದ ತೆಗೆದು ಮುಂದೆ ಹಿಡಿಯುತ್ತೇನೆ.

ನಿಮಗೂ ಇಂಥ ಅಕ್ಕ ಸಿಕ್ಕರೆ ಧಾರಾಳವಾಗಿ ಕೊಡಿ. ಪೆನ್ನಿನ ಕ್ಯಾಪು ಮಾತ್ರ ನಿಮ್ಮ ಕೈಯಲ್ಲೇ ಇರಲಿ.