ಉಪಕರ ಸಂಧಿ ಪ್ರಕರಣ

‘ಉಪಕಾರ’ದ ಒಂದು ದೀರ್ಘ ಇಳಿಸಿದರೆ ‘ಉಪಕರ’. ಬೆಂಗಳೂರಿನ ಸಿರಿವಂತರ ಧರ್ಮಬುದ್ಧಿಯೆಲ್ಲ ಈ ಒಂದು ಮಾತ್ರೆಯಲ್ಲಿ ಅಡಗಿದೆ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ನುಂಗಿದೊಡನೆ ಆತ್ಮಸಾಕ್ಷಿಯ ಉರಿ ಶಮನವಾಗುವ ಮಾತ್ರೆಯದು. ವೈಯಾಕರಣ ಕೇಶಿರಾಜ ಇದನ್ನು ಗಮನಿಸಿಲ್ಲ. ಪಾಪ, ಅವನ ಕಾಲಕ್ಕೆ ಆಸ್ತಿ ತೆರಿಗೆಯ ರಸೀದಿ ಎಲ್ಲಿತ್ತು?

1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಭಿಕ್ಷುಕರ ಉಪಕರ ಉಂಟು. ತೆರಿಗೆ 20,000 ರೂಪಾಯಿಯಾದರೆ ಉಪಕರ 600. ದಿನದ ಲೆಕ್ಕಕ್ಕೆ ಎರಡು ರೂಪಾಯಿಯೂ ಬೀಳದು. ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿಗೆ 5 ರೂಪಾಯಿ.

ಏಪ್ರಿಲ್ ಒಳಗೆ ಪೂರ್ತಿ ತೆರಿಗೆ ಕಟ್ಟಿದವರಿಗೆ ಪಾಲಿಕೆ ಕೊಡುತ್ತ ಬಂದ ರಿಯಾಯಿತಿ ಶೇ 5. ಹೋದದ್ದು ಮೂರು, ಬಂದದ್ದು ಐದು. ಇಲ್ಲದ ಅಕ್ಷರ ನಡುವೆ ಬಂದು ಕೂರುವ ಇದೇ ಆಗಮ ಸಂಧಿ. ಕೊಟ್ಟರೆ ಹೆಚ್ಚುತ್ತದೆ ಎಂದು ಹಿರಿಯರು ಹೇಳುತ್ತಿದ್ದುದು ಬಹುಶಃ ಇದನ್ನೇ.

ಒಂದಕ್ಷರದ ಜಾಗಕ್ಕೆ ಇನ್ನೊಂದು ಬರುವ ಆದೇಶ ಸಂಧಿಗೆ ಮಾಗಡಿ ರಸ್ತೆಯ ಸುಮನಹಳ್ಳಿ ನೋಡಿ: ಸಿಗ್ನಲ್ಲಿನಲ್ಲಿ ಭಿಕ್ಷುಕನಾಗಿದ್ದವನು ಪರಿಹಾರ ಕೇಂದ್ರದ ಗೇಟು ದಾಟಿದರೆ ನಿರಾಶ್ರಿತ.

ಲೋಪ ಸಂಧಿಯೇ ಎಲ್ಲಕ್ಕಿಂತ ಸೊಗಸು. ಪಾಲಿಕೆ ವಸೂಲಿ ಮಾಡಿದ ಉಪಕರ ಆ ಪರಿಹಾರ ಕೇಂದ್ರವನ್ನು ನಡೆಸುವ ಕೇಂದ್ರ ಪರಿಹಾರ ಸಮಿತಿಗೆ ಸೇರಬೇಕು. ಎರಡು ಕಚೇರಿ ಕೂಡುವಲ್ಲಿ ಕೋಟಿಗಟ್ಟಲೆ ಹಣ ವರ್ಷಗಟ್ಟಲೆ ಬಾಕಿ ಉಳಿದದ್ದು ಪತ್ರಿಕೆಗಳಲ್ಲಿ ಬಂದ ಸಂಗತಿ. ‘ಊರು’, ‘ಅಲ್ಲಿ’ ಕೂಡಿ ‘ಊರಲ್ಲಿ’ ಆಗುವಾಗ ಉಕಾರ ಕಾಣೆಯಾಗುತ್ತದಲ್ಲ, ಹಾಗೆ. ಉಕಾರ ಎಲ್ಲಿಗೆ ಹೋಯಿತು ಸಾರ್ ಎಂದು ನಾವ್ಯಾರೂ ಮೇಷ್ಟ್ರನ್ನು ಕೇಳಿದವರಲ್ಲ. ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಇನ್ನು ಒಂದು ತೊಡಕು. ಮೊನ್ನೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಂಕುಳಲ್ಲಿ ಕೂಸಿದ್ದ ಹೆಂಗಸೊಬ್ಬಳು ಈ ಪ್ರಬಂಧಕಾರನ ಕಾರಿನ ಗಾಜು ತಟ್ಟಿದಳು. “ಏಪ್ರಿಲ್‌ನಲ್ಲೇ ಕಟ್ಟಿದ್ದೀನಮ್ಮ, ಮುಂದೆ ಹೋಗು” ಎಂದೆ. ಗಾಜು ಏರಿಸಿದ್ದರಿಂದ ಅವಳಿಗೆ ಕೇಳಿಸಿರಲಾರದು. ಪಕ್ಕದ ಆಟೋದವನು ಅಂಗಿ ಜೇಬಿನಿಂದ ಹತ್ತರ ನೋಟು ತೆಗೆದು ಕೊಟ್ಟ. ಆ ಕೈಯಿಂದ ಈ ಕೈಗೆ ದಾಟುವಾಗ ಏನೂ ಬಿಟ್ಟುಹೋಗಲಿಲ್ಲ, ಏನೂ ಬಂದು ಸೇರಲಿಲ್ಲ, ಬದಲಾಗಲೂ ಇಲ್ಲ. ಸಂಧಿಯೇ ಆಗದ ಇಂಥದ್ದಕ್ಕೆ ವೈಯಾಕರಣರು ಪ್ರಕೃತಿಭಾವ ಎನ್ನುತ್ತಾರೆ. ಪರೀಕ್ಷೆಗೆ ಅಷ್ಟಾಗಿ ಬರುವುದಿಲ್ಲ.