ತಟ್ಟೆ ತಿರುಗಿಸುವ ಖರ್ಚು

ಧಾರವಾಡದ ಸಪ್ತಾಪುರದಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಕೊಡದೆ ಹಾಡು ಕೇಳಲಿಕ್ಕೆಂದು ಇಟ್ಟುಕೊಂಡವನನ್ನು ಜನ ಅನುಮಾನದಿಂದಲೇ ನೋಡುತ್ತಾರೆ. ಇಲ್ಲಿ ಕೋಣೆ ಎಂದರೆ ಮೂರು ಮಂಚ, ಮೂವರು ಹುಡುಗರು, ಮೂರು ಕೆಎಎಸ್ ಕನಸು. ಅಂಥ ಕಡೆ ಎಲ್‌ಪಿ ರೆಕಾರ್ಡುಗಳನ್ನು ಪೇರಿಸಿಟ್ಟಿದ್ದಲ್ಲದೆ, ಅವಕ್ಕಾಗಿ ಮೇಲ್ದರ್ಜೆಯ ಹೊಸ ಟರ್ನ್‌ಟೇಬಲ್ ತರುತ್ತೇನೆಂದಾಗ ನನ್ನಾಕೆ ಕೇಳಿದ್ದು ಇಷ್ಟೇ: “ಇದ್ದದ್ದು ತಿರಗೂದಿಲ್ಲೇನ್ರಿ?”

ತಿರುಗುತ್ತದೆ. ಸಂಕಟ ಇರುವುದೇ ಅಲ್ಲಿ. ಕೆಟ್ಟಿದ್ದರೆ ವಾದವೇ ಬೇಕಿರಲಿಲ್ಲ.

1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿಯನ್ನು ಮಾರುಕಟ್ಟೆಗೆ ತಂದಾಗಿನಿಂದ ಈ ಯಂತ್ರಕ್ಕೆ ಒಪ್ಪಿಸಿರುವ ಕೆಲಸ ಒಂದೇ. ನಿಮಿಷಕ್ಕೆ 33⅓ ಸುತ್ತು ಹಾಕಬೇಕು, ಬಾಯಿ ಮುಚ್ಚಿಕೊಂಡು ಹಾಕಬೇಕು. ವೇಗ ತುಸು ಅಲುಗಿದರೆ ಷಡ್ಜವೂ ಅಲುಗುತ್ತದೆ. ಬೇರೆ ಊರಲ್ಲಿ ಇದು ನಡೆದೀತು. ಮಲ್ಲಿಕಾರ್ಜುನ ಮನ್ಸೂರರೂ ಬಸವರಾಜ ರಾಜಗುರುಗಳೂ ಬಾಳಿದ ಧಾರವಾಡದಲ್ಲಿ ನಡೆಯುವುದಿಲ್ಲ. ಅವರಿಬ್ಬರನ್ನೂ ಎದುರು ಕೂತು ಕೇಳಿದ ನಿವೃತ್ತ ಮಾಸ್ತರರೊಬ್ಬರು ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ. ನನ್ನ ಹಳೆಯ ಯಂತ್ರದಲ್ಲಿ ತಂಬೂರಿ ಕೇಳಿ ಅವರು ಅಂದದ್ದು: “ಷಡ್ಜ ನಡುವ ಎದ್ದು ಚಾ ಕುಡದು ಬಂದಂಗಾತಲ್ರಿ.” ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮೊದಲ ಜಗಳ ಮೋಟರಿನದು. ತಟ್ಟೆಯ ಅಡಿಯಲ್ಲೇ ಮೋಟರ್ ಕೂಡಿಸಿದರೆ ಡೈರೆಕ್ಟ್ ಡ್ರೈವ್. ಜಪಾನಿನ ಟೆಕ್ನಿಕ್ಸ್ ಎಸ್‌ಎಲ್-1200 ಆ ಪಂಥದ ಪೀಠಾಧಿಪತಿ. 1972ರಲ್ಲಿ ಮನೆಯಲ್ಲಿ ಕೂತು ಕೇಳುವವರಿಗೆಂದು ಹುಟ್ಟಿ, ಡಿಜೆಗಳ ಕೈಗೆ ಸಿಕ್ಕು, 2010ರಲ್ಲಿ ನಿಂತುಹೋಗಿ, 2016ರಲ್ಲಿ ಮತ್ತೆ ಬಂತು. ಅದರ ಚಿತ್ರ ನೋಡಿದ ಮೇಲಿನ ಮಹಡಿಯ ಹುಡುಗರು, “ಅಂಕಲ್, ಈ ಸರ್ತಿ ಗಣಪತಿಗೆ ನೀವ ಡಿಜೆ ಹಚ್ಚತೀರೇನ್ರಿ?” ಎಂದು ಭಕ್ತಿಯಿಂದ ಕೇಳಿದರು. ಆ ಮಾದರಿ ಅಲ್ಲಿಗೆ ಬಿತ್ತು.

ಎದುರು ಪಂಥ ಬೆಲ್ಟಿನದು. ಇಂಗ್ಲೆಂಡಿನ ರೇಗಾ, ಸ್ಕಾಟ್ಲೆಂಡಿನ ಲಿನ್ ಈ ಮತದವರು. ಮೋಟರನ್ನು ದೂರ ಇಟ್ಟು ರಬ್ಬರ್ ಪಟ್ಟಿಯಿಂದ ತಟ್ಟೆ ತಿರುಗಿಸಿದರೆ ಅದರ ನಡುಕ ಮುಳ್ಳಿನವರೆಗೆ ಬರುವುದಿಲ್ಲ ಎನ್ನುತ್ತಾರೆ. ಬೆಲ್ಟು ಜಗ್ಗುತ್ತದೆ, ವೇಗ ತಪ್ಪುತ್ತದೆ ಎಂದು ಆ ಕಡೆಯವರ ಉತ್ತರ. ನಾನು ಇದನ್ನೆಲ್ಲ ಗಂಭೀರವಾಗಿ ವಿವರಿಸಿದ ಮೇಲೆ ನನ್ನಾಕೆ, “ಅಂದ್ರ ನಮ್ಮ ಹಿಟ್ಟಿನ ಗಿರಣಿ ಇದ್ದಂಗ. ಅದಕ್ಯಾಕ ಕಾರಿನ ರೊಕ್ಕ?” ಎಂದಳು. ಗಿರಣಿಯಲ್ಲಿ ಕೊನೆಗೆ ಹಿಟ್ಟಾದರೂ ಬರುತ್ತದೆ ಎಂಬ ಮಾತನ್ನು ಅವಳು ಆಡಲಿಲ್ಲ, ಮುಖದಲ್ಲಿ ಕಂಡಿತು.

ಮುಳ್ಳಿನ ನಡುಕವನ್ನು ಕರೆಂಟಾಗಿಸುವ ಕಾರ್ಟ್ರಿಜ್ ವಿಷಯವನ್ನಂತೂ ನಾನು ಮನೆಯಲ್ಲಿ ಎತ್ತಿಲ್ಲ. ಸಾಮಾನ್ಯದ ಮೂವಿಂಗ್ ಮ್ಯಾಗ್ನೆಟ್ ನಾಲ್ಕೈದು ಮಿಲಿವೋಲ್ಟ್ ಕೊಡುತ್ತದೆ. ಅದಕ್ಕಿಂತ ಎಷ್ಟೋ ಪಟ್ಟು ದುಬಾರಿಯಾದ ಮೂವಿಂಗ್ ಕಾಯಿಲ್ ಹೆಚ್ಚಾಗಿ ಅರ್ಧ ಮಿಲಿವೋಲ್ಟನ್ನೂ ಕೊಡುವುದಿಲ್ಲ; ಆ ಕ್ಷೀಣ ದನಿಯನ್ನು ಮೇಲೆತ್ತಲು ಇನ್ನೊಂದು ಪೆಟ್ಟಿಗೆ ಕೊಳ್ಳಬೇಕು. ಹೆಚ್ಚು ರೊಕ್ಕ ಕೊಟ್ಟು ಕಡಿಮೆ ಕರೆಂಟು ಕೊಳ್ಳುವ ವ್ಯಾಪಾರವನ್ನು ಯಾವ ಗೃಹಿಣಿಗೆ ಒಪ್ಪಿಸಬಹುದು? ಫಲವಿದೆ, ಅದನ್ನು ಅಲ್ಲಗಳೆಯಲಾರೆ. ಒಳ್ಳೆಯ ಕಾರ್ಟ್ರಿಜ್ಜಿನಲ್ಲಿ ಕಚೇರಿಯ ರೆಕಾರ್ಡು ಹಾಕಿದರೆ ಸಭಿಕರ ಕೆಮ್ಮೂ ನಿಚ್ಚಳವಾಗಿ ಕೇಳಿಸುತ್ತದೆ. ಕೆಮ್ಮಿದವರು ಯಾರೆಂದು ಹೇಳಬಲ್ಲ ಹಿರಿಯರೂ ಈ ಊರಲ್ಲಿದ್ದಾರೆ.

ಇನ್ನು ನೆಲದ ಮಾತು. ಮುಳ್ಳು ರೆಕಾರ್ಡಿನ ಮೇಲೆ ಹೇರುವ ಭಾರ ಸುಮಾರು ಎರಡು ಗ್ರಾಂ. ಸಂಜೆಯ ಕ್ಲಾಸಿಗೆ ಹೊತ್ತಾಯಿತೆಂದು ಹುಡುಗರು ಮೆಟ್ಟಿಲಿಳಿಯುವ ಭಾರವನ್ನು ನಾನು ತೂಗಿಲ್ಲ. ಅವರು ಇಳಿದರೆಂದರೆ ಭೀಮಸೇನ ಜೋಶಿಯವರು ವಿಲಂಬಿತದಿಂದ ನೇರ ದ್ರುತಕ್ಕೆ ನೆಗೆಯುತ್ತಾರೆ. ಅದಕ್ಕೇ ಗೌಂಡಿಯನ್ನು ಕರೆಸಿ, ಗೋಡೆಗೆ ಕಡಪಾ ಕಲ್ಲಿನ ಹಲಗೆ ಕೂಡಿಸಿ, ಲೆವಲ್ ಹಿಡಿಸಿದೆ. ಕೆಲಸ ಮುಗಿಸಿ ಅವನು, “ದೇವರ ಫೋಟೋ ಯಾವಾಗ ಬರ್ತೈತ್ರಿ?” ಎಂದು ಕೇಳಿದ.

ಕೊನೆಗೆ ಒಂದು ಬೆಲ್ಟಿನ ಯಂತ್ರವನ್ನು ಆರಿಸಿ, ಮಾಸ್ತರರನ್ನೂ ಕೂಡಿಸಿಕೊಂಡು ಮನೆಯವರ ಮುಂದೆ ಪ್ರಸ್ತಾಪ ಇಟ್ಟೆ. ಮಾಸ್ತರರು ಕನ್ನಡಕ ಏರಿಸಿ ವಿವರ ಓದಿ, “ಇದರಾಗ 33 ಅದ, 45 ಅದ. 78 ಎಲ್ಲೈತಿ?” ಎಂದರು. ಇರಲಿಲ್ಲ. ದೊಡ್ಡ ಬೆಲೆಯ ಎಷ್ಟೋ ಯಂತ್ರಗಳಲ್ಲಿ ಇರುವುದಿಲ್ಲ. ಇದ್ದರೂ ಎಲ್‌ಪಿಯ ಮುಳ್ಳು ಹಳೆಯ ಪ್ಲೇಟುಗಳ ಅಗಲ ಗೆರೆಗೆ ಹೊಂದದು, ಬೇರೆಯದೇ ಬೇಕು. ಮಾಸ್ತರರು ಚಿಂತೆಯಿಂದ ನನ್ನಾಕೆಯ ಕಡೆ ತಿರುಗಿ, ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಿಂದ ಎಚ್‌ಎಂವಿಗೆ ಹಾಡಿದ್ದೆಲ್ಲ 78ರ ಪ್ಲೇಟುಗಳಲ್ಲೇ ಇದೆ, ಒಂದೊಂದು ಮಗ್ಗುಲಿಗೆ ಮೂರೇ ಮೂರು ಮಿನಿಟು, ಅಷ್ಟರಲ್ಲೇ ಇಡೀ ರಾಗ ಎಂದು ಬಿಡಿಸಿ ಹೇಳಿದರು.

“ಅಷ್ಟು ರೊಕ್ಕ ಸುರದರೂ ಹುಬ್ಬಳ್ಳಿ ಗಂಗೂಬಾಯಿ ಹಾಡೂದಿಲ್ಲಂದ್ರ?” ನನ್ನಾಕೆ ಎದ್ದಳು. “ಗಂಗೂಬಾಯಿ ಹಾಡೂ ಮಷಿನ್ ಇದ್ರ ತರ್ರಿ. ಬ್ಯಾಡ ಅನ್ನೂದಿಲ್ಲ.”

ಬೆಂಗಳೂರಿನ ಅಂಗಡಿಗೆ ಆಗಲೇ ಬರೆದೆ. ಮರುದಿನ ಉತ್ತರ ಬಂತು: 78 ಓಡಿಸಬಹುದು ಸರ್, ಆದರೆ ಅದಕ್ಕೆ ಬೇರೆ ಪವರ್ ಸಪ್ಲೈ, ಬೇರೆ ಕಾರ್ಟ್ರಿಜ್ ಕೊಳ್ಳಬೇಕಾಗುತ್ತದೆ. ಈ ಉತ್ತರವನ್ನು ‘ಸರ್’ ಎಂಬಲ್ಲಿಯವರೆಗೆ ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದ್ದೇನೆ.